ಮರೆಯಲ್ಲಿ ಸೇದಿದ ಔಷಧ

ಶ್ವಾಸಕೋಶ ತಜ್ಞರು ಆಪ್ತಸಲಹೆಗೆಂದು ನನ್ನ ಬಳಿಗೆ ಕಳುಹಿಸುವ ಉಬ್ಬಸದ ರೋಗಿಗಳ ಚೀಟಿಯಲ್ಲಿ ಬಹುಪಾಲು ಒಂದೇ ಮಾತಿರುತ್ತದೆ: 'ಇನ್‌ಹೇಲರ್ ಸರಿಯಾಗಿ ಬಳಸುತ್ತಿಲ್ಲ, ತಿಳಿಹೇಳಿ.' ತಿಳಿಹೇಳಿದ ಮಾತ್ರಕ್ಕೆ ಇದು ಸರಿಹೋಗುವುದಾಗಿದ್ದರೆ ಔಷಧದ ಪೆಟ್ಟಿಗೆಯೊಳಗಿನ ಮಾಹಿತಿ ಪತ್ರವೇ ಸಾಕಾಗಿತ್ತು. ಪದೇಪದೇ ಎದುರಾಗುವ ಈ ಸಮಸ್ಯೆಯ ಒಂದು ಪ್ರಕರಣವನ್ನು, ವ್ಯಕ್ತಿಯ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ.

ಆಕೆಗೆ ಮೂವತ್ತು ದಾಟಿತ್ತು. ದಿನವಿಡೀ ಜನರೊಡನೆ ಮಾತನಾಡಬೇಕಾದ ಉದ್ಯೋಗ. ಉಬ್ಬಸ ಬಾಲ್ಯದಿಂದಲೂ ಇತ್ತು. ಕೈಚೀಲದಲ್ಲಿ ಎರಡು ಇನ್‌ಹೇಲರ್‌ಗಳಿದ್ದವು. ಬಿಗಿದ ಶ್ವಾಸನಾಳವನ್ನು ನಿಮಿಷಗಳಲ್ಲಿ ಸಡಿಲಿಸುವ ನೀಲಿ ಬಣ್ಣದ ಸಾಲ್ಬುಟಮಾಲ್ ಬೇಗಬೇಗನೆ ಖಾಲಿಯಾಗುತ್ತಿತ್ತು. ನಾಳದೊಳಗಿನ ಉರಿಯೂತವನ್ನೇ ತಗ್ಗಿಸುವ, ದಿನಾ ಎರಡು ಹೊತ್ತು ತೆಗೆದುಕೊಳ್ಳಬೇಕಾದ ಬುಡೆಸೊನೈಡ್ ಮಾತ್ರ ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು. ದಿನಾ ಸೇದಿದರೆ ಅಭ್ಯಾಸವಾಗಿಬಿಡುತ್ತದೆ, ಅದರಲ್ಲಿ ಸ್ಟೀರಾಯ್ಡ್ ಇದೆ ಎಂಬ ಭಯಗಳನ್ನು ಮೊದಲ ಭೇಟಿಯಲ್ಲೇ ಹೇಳಿಕೊಂಡರು. ಹೊಸದೇನೂ ಅಲ್ಲ.

ಎರಡನೆಯ ಭೇಟಿಯಲ್ಲಿ ನಾನು ಏನನ್ನೂ ವಿವರಿಸದೆ, ಎಂದಿನಂತೆ ಒಮ್ಮೆ ತೆಗೆದುಕೊಂಡು ತೋರಿಸಿ ಎಂದೆ. ಆಕೆ ಕುರ್ಚಿಯಲ್ಲೇ ಗೋಡೆಯ ಕಡೆಗೆ ಅರ್ಧ ತಿರುಗಿದರು, ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದರು, ಡಬ್ಬಿಯನ್ನು ಅಲುಗಾಡಿಸದೆಯೇ ಟಕಟಕನೆ ಎರಡು ಸಲ ಒತ್ತಿದರು. ಉಸಿರೆಳೆದದ್ದು ಆಮೇಲೆ, ಅದೂ ಗಂಟಲವರೆಗಷ್ಟೇ. ತುಟಿಯಂಚಿನಿಂದ ಬಿಳಿ ಮಂಜು ಹೊರಗೆ ತೇಲಿತು. ಎರಡು ಸೆಕೆಂಡುಗಳಲ್ಲಿ ಇನ್‌ಹೇಲರ್ ಮತ್ತೆ ಚೀಲ ಸೇರಿತ್ತು.

"ಮನೆಯಲ್ಲಿ ಒಬ್ಬರೇ ಇದ್ದಾಗಲೂ ಹೀಗೆಯೇ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿ ಆಕೆ ಹೇಳಿದರು: "ನಾನು ಕಲಿತದ್ದೇ ಯಾರಿಗೂ ಕಾಣದ ಹಾಗೆ ತೆಗೆದುಕೊಳ್ಳುವುದನ್ನು. ಬೇರೆ ರೀತಿ ನನಗೆ ಗೊತ್ತಿಲ್ಲ."

ಇಡೀ ಪ್ರಕರಣ ಆ ಮಾತಿನಲ್ಲಿತ್ತು. ಒತ್ತಿದಾಗ ಔಷಧ ಅತಿ ವೇಗದಿಂದ ಚಿಮ್ಮುತ್ತದೆ; ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆ ತಪ್ಪಿದರೆ ಅದರ ಬಹುಭಾಗ ನಾಲಿಗೆ, ಗಂಟಲುಗಳಿಗೆ ಬಡಿದು ಅಲ್ಲೇ ಉಳಿಯುತ್ತದೆ. ಹೊಂದಿಕೆಯ ತೊಡಕನ್ನು ಬಹುಮಟ್ಟಿಗೆ ನಿವಾರಿಸುವ ಸ್ಪೇಸರ್ ಎಂಬ ಕೊಳವೆಯನ್ನು ವೈದ್ಯರು ಬರೆದುಕೊಟ್ಟಿದ್ದರು, ಆದರೆ ಅಂಗೈಯಲ್ಲಿ ಅಡಗದ ಆ ವಸ್ತುವನ್ನು ಈಕೆ ಹೊರಗೆ ತೆಗೆದೇ ಇರಲಿಲ್ಲ. ಆಕೆಯ ತಪ್ಪು ವಿಧಾನ ಅಜ್ಞಾನದಿಂದ ಬಂದದ್ದಲ್ಲ, ಸಂಕೋಚದಿಂದ ಬಂದದ್ದು. ಸಂಕೋಚವನ್ನು ಹಾಗೆಯೇ ಬಿಟ್ಟು ವಿಧಾನವನ್ನಷ್ಟೇ ತಿದ್ದಿದರೆ, ಕೋಣೆಯ ಬಾಗಿಲು ದಾಟುತ್ತಿದ್ದಂತೆ ಹಳೆಯ ಕ್ರಮವೇ ಮರಳುತ್ತದೆ.

ಆದ್ದರಿಂದ ನಾನು ಮೊದಲು ಕೊಟ್ಟ ಸಲಹೆ ಜಾಗದ ಬಗ್ಗೆ. ಬುಡೆಸೊನೈಡ್ ಮನೆಯಲ್ಲೇ ಬೆಳಿಗ್ಗೆ, ರಾತ್ರಿ ತೆಗೆದುಕೊಳ್ಳುವ ಔಷಧ. ಅದಕ್ಕೆ ನೋಡುವವರೇ ಇಲ್ಲ. ಸ್ಪೇಸರ್ ಜೋಡಿಸಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇಟ್ಟುಕೊಳ್ಳಿ, ಹಲ್ಲುಜ್ಜುವ ಮೊದಲು ತೆಗೆದುಕೊಳ್ಳಿ ಎಂದೆ. ಬಾಯಿ ಮುಕ್ಕಳಿಸಿ ಉಗಿಯುವ ಕೆಲಸವೂ ಅಲ್ಲೇ ಮುಗಿಯುತ್ತದೆ, ಬಾಯಿಯ ಶಿಲೀಂಧ್ರ ಸೋಂಕೂ ದನಿ ಒಡೆಯುವುದೂ ಕಡಿಮೆಯಾಗುತ್ತವೆ. ನಂತರ ಕನ್ನಡಿಯ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸಿದೆ: ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಒಮ್ಮೆ ಮಾತ್ರ ಒತ್ತಿ, ನಿಧಾನವಾಗಿ ಆಳಕ್ಕೆ ಎಳೆದುಕೊಂಡು, ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು; ಎರಡನೆಯದು ಬೇಕಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು, ಮತ್ತೆ ಮೊದಲಿನಿಂದ. ಔಷಧವನ್ನು ಹೇಳುವುದು ವೈದ್ಯರ ಕೆಲಸ, ಇದೆಲ್ಲ ಆಪ್ತಸಲಹೆಗಾರರಿಗೆ ಏಕೆ ಎಂದು ಆಕ್ಷೇಪಿಸುವವರಿದ್ದಾರೆ. ಔಷಧವನ್ನಾಗಲಿ ಪ್ರಮಾಣವನ್ನಾಗಲಿ ನಾನು ಮುಟ್ಟುವುದಿಲ್ಲ. ಆದರೆ ಮನಸ್ಸಿನ ತೊಡಕು ಕೈಯಲ್ಲಿ, ಉಸಿರಿನಲ್ಲಿ ಕಾಣಿಸಿಕೊಳ್ಳುತ್ತಿರುವಾಗ ಬರೀ ಮಾತಿನಲ್ಲಿ ಅದನ್ನು ಹುಡುಕುತ್ತಾ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಸ್ಟೀರಾಯ್ಡಿನ ಭಯವನ್ನು ಲೆಕ್ಕದಿಂದಲೇ ಎದುರಿಸಿದೆ. ಉಬ್ಬಸ ಉಲ್ಬಣಿಸಿದಾಗಲೆಲ್ಲ ಆಕೆ ನುಂಗುತ್ತಿದ್ದ ಪ್ರೆಡ್ನಿಸೊಲೋನ್ ಮಾತ್ರೆಯ ಪ್ರಮಾಣ ದಿನಕ್ಕೆ 40 ಮಿಲಿಗ್ರಾಂ, ಐದು ದಿನಕ್ಕೆ 200 ಮಿಲಿಗ್ರಾಂ. ಆಕೆಯ ಇನ್‌ಹೇಲರ್ ಒಮ್ಮೆ ಒತ್ತಿದರೆ ಕೊಡುವುದು 200 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಐದನೇ ಒಂದು ಭಾಗ. ಎರಡೂ ಬೇರೆ ಬೇರೆ ಔಷಧಗಳು, ಶಕ್ತಿಯೂ ಬೇರೆ, ಹಾಗಾಗಿ ತೂಕಕ್ಕೆ ತೂಕ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಇನ್‌ಹೇಲರನ್ನೂ ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಬಳಸಿದರೆ ಅಡ್ಡಪರಿಣಾಮಗಳಿರಬಹುದು. ಆದರೂ ಸ್ಟೀರಾಯ್ಡಿಗೆ ಹೆದರಿ ಇನ್‌ಹೇಲರ್ ಬಿಟ್ಟವರು ಕೊನೆಗೆ ಇಡೀ ಮೈಗೆ ಹರಡುವ ಸ್ಟೀರಾಯ್ಡನ್ನೇ ನುಂಗುವಂತಾಗುತ್ತದೆ ಎಂಬುದು ಆಕೆಗೆ ಮನವರಿಕೆಯಾಯಿತು. ಗಿನಾ ಎಂಬ ಜಾಗತಿಕ ಉಬ್ಬಸ ಮಾರ್ಗಸೂಚಿಯು 2019ರಿಂದ ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ. ಅದು ತಕ್ಷಣದ ಬಿಗಿತವನ್ನು ಕಳೆಯುತ್ತದೆಯೇ ಹೊರತು ಉರಿಯೂತವನ್ನು ತಗ್ಗಿಸುವುದಿಲ್ಲ.

ಓದುಗರಲ್ಲಿ ಒಣ ಪುಡಿಯ ಇನ್‌ಹೇಲರ್ ಬಳಸುವವರಿದ್ದರೆ ಮೇಲಿನ ಕ್ರಮವನ್ನು ಹಾಗೆಯೇ ಅನುಸರಿಸಬಾರದು. ಅದರಲ್ಲಿ ಪುಡಿಯನ್ನು ಒಡೆದು ಒಳಗೊಯ್ಯುವುದು ನಮ್ಮ ಉಸಿರಿನ ಸೆಳೆತವೇ ಆದ್ದರಿಂದ ಜೋರಾಗಿ, ವೇಗವಾಗಿ ಎಳೆಯಬೇಕು, ಸಾಧನದೊಳಕ್ಕೆ ಉಸಿರು ಬಿಡಬಾರದು. ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಿಂದ ಆ ಸೆಳೆತವೇ ಕುಂದಿದವರು, ಬೆರಳಲ್ಲಿ ಒತ್ತುವ ಬಲವಿಲ್ಲದವರು ತಮಗೆ ಯಾವ ಸಾಧನ ಹೊಂದುತ್ತದೆಂದು ವೈದ್ಯರನ್ನು ಕೇಳಲೇಬೇಕು.

ಔಷಧ ಹೆಚ್ಚಿಸಲು ಯೋಚಿಸಿದ್ದ ವೈದ್ಯರು, ಈ ಅಭ್ಯಾಸದ ನಂತರ ಅದೇ ಪ್ರಮಾಣವನ್ನು ಮುಂದುವರಿಸಿದರು. ರಾತ್ರಿ ಎಚ್ಚರಗೊಳ್ಳುವುದು ತಪ್ಪಿತು. ಕೆಲಸದ ಸ್ಥಳದಲ್ಲಿ ಎಲ್ಲರಿಗೂ ತಿಳಿಸಬೇಕೆಂದು ನಾನು ಒತ್ತಾಯಿಸಲಿಲ್ಲ. ಕಾಯಿಲೆಯನ್ನು ಯಾರಿಗೆ ಹೇಳಬೇಕೆಂಬುದು ರೋಗಿಯ ಹಕ್ಕು. ಒಬ್ಬರಿಗೆ ಮಾತ್ರ ಹೇಳಿಡಿ ಎಂದೆ: ನೀಲಿ ಇನ್‌ಹೇಲರ್ ಎಲ್ಲಿದೆ, ಅದರಿಂದಲೂ ಉಸಿರು ಸಡಿಲವಾಗದಿದ್ದರೆ ಅಥವಾ ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು, ಇಷ್ಟು. ಆಕೆ ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಆರಿಸಿಕೊಂಡರು. ಆತನ ಚೀಲದಲ್ಲೂ ಒಂದು ಇನ್‌ಹೇಲರ್ ಇತ್ತಂತೆ.