ಇನ್‌ಫ್ಲಿಕ್ಸಿಮ್ಯಾಬ್ ಶುರುವಾಗುವ ಮೊದಲು ಯಾವ ಲಸಿಕೆ?

ಪ್ರಶ್ನೆ: ಕುಂಬಳೆಯಲ್ಲಿರುವ ಅಕ್ಕನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ, ಹುಣ್ಣು). ಅಜಾಥಯೋಪ್ರಿನ್ ಮಾತ್ರೆ ನಡೆಯುತ್ತಿದೆ, ಮುಂದಿನ ತಿಂಗಳು ಮಂಗಳೂರಿನಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಶುರು. ಲಸಿಕೆ ಹಾಕಿಸಿದರೆ ಕರುಳಿನ ಕಾಯಿಲೆ ಕೆರಳುತ್ತದೆಯೇ?

ಉತ್ತರ: ಆ ಹೆದರಿಕೆ ಬೇಡ. ಅಕ್ಕನ ಎರಡೂ ಮದ್ದು ರೋಗನಿರೋಧಕ ಶಕ್ತಿ ತಗ್ಗಿಸುವಂಥವು. ನೋಡಬೇಕಾದದ್ದು ಲಸಿಕೆ ಜೀವಂತ ರೋಗಾಣುವಿನದೋ ಅಲ್ಲವೋ ಎಂಬುದನ್ನು. ವರ್ಷಕ್ಕೊಮ್ಮೆಯ ಫ್ಲೂ ಚುಚ್ಚುಮದ್ದು, ನ್ಯುಮೋಕಾಕಲ್ (ನ್ಯುಮೋನಿಯಾ ತಡೆಯುವ ಲಸಿಕೆ), ಹೆಪಟೈಟಿಸ್ ಬಿ ಜೀವಂತವಲ್ಲ. ಈಗಲೇ ಹಾಕಿಸಿ, ಮಾತ್ರೆ ನಿಲ್ಲಿಸಬೇಡಿ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್, ಹಳದಿ ಜ್ವರದ ಲಸಿಕೆಗಳು ಜೀವಂತ. ಇವನ್ನು ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದಿಗೆ ಕನಿಷ್ಠ 4 ವಾರ ಮೊದಲೇ ಮುಗಿಸಬೇಕು. ಅಂಥ ಮದ್ದು ನಡೆಯುವಾಗ, ಅಂದರೆ ಅಕ್ಕನಿಗೆ ಈಗ, ಹಾಕಿಸುವುದು ಅಪಾಯ.

ಹೆಚ್ಚು ಜನ ಎಡವುವುದು ಹೆಪಟೈಟಿಸ್ ಬಿ ವಿಷಯದಲ್ಲಿ. ಮೊದಲು ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಸಿ, ಆಂಟಿ-ಎಚ್‌ಬಿಎಸ್ ಮೂರೂ ರಕ್ತಪರೀಕ್ಷೆ ಆಗಲಿ. ಮೊದಲೆರಡು ಈಗಿನ ಅಥವಾ ಹಿಂದಿನ ಸೋಂಕನ್ನು, ಮೂರನೆಯದು ರಕ್ಷಣೆಯನ್ನು ತೋರಿಸುತ್ತದೆ. ಸೋಂಕು ಅಡಗಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಅದನ್ನು ಎಬ್ಬಿಸಿ ಲಿವರ್ ಕೆಡಿಸೀತು. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ 0, 1, 6ನೇ ತಿಂಗಳಿಗೆ ಮೂರು ಡೋಸ್. ಈ ಮದ್ದುಗಳಲ್ಲಿ ಲಸಿಕೆ ಸರಿಯಾಗಿ ಹತ್ತದಿರುವುದುಂಟು. ಹಾಗಾಗಿ ಕೊನೆಯ ಡೋಸ್ ಆಗಿ 1–2 ತಿಂಗಳಿಗೆ ಆಂಟಿ-ಎಚ್‌ಬಿಎಸ್ ನೋಡಿಸಿ. ಮಿಲಿಲೀಟರಿಗೆ 10 ಮಿಲಿ ಯೂನಿಟ್‌ಗಿಂತ ಕಡಿಮೆ ಬಂದರೆ ಮತ್ತೆ ಹಾಕಿಸಬೇಕಾದೀತು. ಕಾಯಿಲೆ ಜೋರಾಗಿದ್ದರೆ ಮೂರೂ ಡೋಸ್ ಮುಗಿಯಲಿ ಎಂದು ಚಿಕಿತ್ಸೆ ಮುಂದೂಡಬೇಡಿ.

ಇನ್ನೊಂದು, ತುಂಬ ಮುಖ್ಯ. ಗರ್ಭಿಣಿಯಿದ್ದಾಗ ಇನ್‌ಫ್ಲಿಕ್ಸಿಮ್ಯಾಬ್ ಪಡೆದರೆ ಅದು ಮಗುವಿನ ರಕ್ತಕ್ಕೂ ಸೇರುತ್ತದೆ. ಹುಟ್ಟಿದ ಕೂಡಲೇ ಹಾಕುವ ಬಿಸಿಜಿ (ಕ್ಷಯ ತಡೆಯುವ ಜೀವಂತ ಲಸಿಕೆ) ಯನ್ನು ಕನಿಷ್ಠ 6 ತಿಂಗಳು, ಯುರೋಪಿನ ಸಲಹೆಯಂತೆ 12 ತಿಂಗಳು, ತಡೆಹಿಡಿಯಬೇಕು. ಹೆರಿಗೆಗೆ ಮುಂಚೆಯೇ ಮಕ್ಕಳ ಡಾಕ್ಟರಿಗೆ ಹೇಳಿಡಿ.

ಮದ್ದು ಬರೆಯುವುದು ಮಂಗಳೂರಿನಲ್ಲಿ, ಚುಚ್ಚುವುದು ಊರಿನ ಆರೋಗ್ಯ ಕೇಂದ್ರದಲ್ಲಿ. ಆದ್ದರಿಂದ ಔಷಧಿ ಚೀಟಿ ತೋರಿಸಿದ ಮೇಲೆಯೇ ತೋಳು ಒಡ್ಡಲಿ.