ಹಳೆಯ ಎಚ್‌ಎಂಟಿ ವಾಚನ್ನು ಆನ್‌ಲೈನ್‌ನಲ್ಲಿ ಕೊಳ್ಳುವಾಗ ಅಸಲಿಯೆಂದು ತಿಳಿಯುವುದು ಹೇಗೆ?

ನಿಮ್ಮ ತಾತನವರ ಕೈಯಲ್ಲಿದ್ದಂಥ ಎಚ್‌ಎಂಟಿ ಪೈಲಟ್ ವಾಚೊಂದು ಆನ್‌ಲೈನ್‌ನಲ್ಲಿ 3,200 ರೂಪಾಯಿಗೆ ಕಂಡಿದೆಯೆಂದೂ, ಅದರ ಕಿತ್ತಳೆ ಬಣ್ಣದ ಡಯಲ್ ಮೇಲೆ ವಿಮಾನದ ಚಿತ್ರವಿದೆಯೆಂದೂ, ಮಾರುವವರು ‘ಬಳಸದ ಹಳೆಯ ಸ್ಟಾಕ್, ರನ್ನಿಂಗ್ ಕಂಡೀಷನ್’ ಎಂದು ಹೇಳಿಕೊಂಡಿದ್ದಾರೆಂದೂ ಬರೆದು, ಅದು ಅಸಲಿಯೇ ಎಂದು ಕೇಳಿದ್ದೀರಿ. ನೀವು ಕೊಟ್ಟಿರುವ ವಿವರದಿಂದ ಹೇಳಬಹುದಾದದ್ದು ಇಷ್ಟು: ಒಳಗಿನ ಮೆಷಿನ್ ಬಹುತೇಕ ಅಸಲಿಯೇ ಇರುತ್ತದೆ, ಡಯಲ್ ಖಂಡಿತ ಕಾರ್ಖಾನೆಯದ್ದಲ್ಲ. ಪೈಲಟ್ ಎಂದರೆ ಕಪ್ಪು ಡಯಲ್, ಬಿಳಿ ಅಂಕಿ. ವಿಮಾನದ ಚಿತ್ರ ಹೊತ್ತ ಕಿತ್ತಳೆ ಪೈಲಟ್, ಹಳೆಯ ಡಯಲನ್ನು ಉಜ್ಜಿ ಅಥವಾ ಹೊಸ ತಗಡನ್ನು ಕತ್ತರಿಸಿ, ಮೇಲೆ ಬಣ್ಣ ಹೊಡೆದು ಮುದ್ರಿಸಿದ ಪದಾರ್ಥ. ಸಂಗ್ರಾಹಕರು ಇದನ್ನು ‘ಬಾಂಬೆ ಸ್ಪೆಷಲ್’ ಎನ್ನುತ್ತಾರೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಏಳೆಂಟು ವರ್ಷಗಳ ಹಿಂದೆ ನೀಲಿ ಡಯಲಿನ ಒಂದು ‘ಜನತಾ’ ವಾಚನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು, ಅದರ ಹೊಳಪನ್ನು ಮನೆಯವರಿಗೆಲ್ಲ ತೋರಿಸಿ ಮುಗಿಸಿದ ಮೇಲೆ, ದಿನಕ್ಕೆ ಆರೇಳು ನಿಮಿಷ ಹಿಂದೆ ಬೀಳುತ್ತಿದ್ದ ಕಾರಣಕ್ಕೆ ತುಮಕೂರಿನ ವಯಸ್ಸಾದ ವಾಚ್ ರಿಪೇರಿಯವರೊಬ್ಬರ ಬಳಿ ಒಯ್ದೆ. ಅವರು ಮೆಷಿನನ್ನು ಹೊರತೆಗೆದು, ಮುಳ್ಳುಗಳನ್ನು ಬಿಡಿಸಿ, ಡಯಲನ್ನು ಉಗುರಿನಿಂದ ಮೆಲ್ಲಗೆ ಎತ್ತಿದರು; ಅದು ಅಂಟಿನ ನೂಲೆಳೆಯೊಂದಿಗೆ ಮೇಲೆದ್ದಿತು. ಡಯಲಿನ ಹಿಂಭಾಗದಲ್ಲಿರಬೇಕಾದ ಎರಡು ಸಣ್ಣ ಕಾಲುಗಳು ಇರಲೇ ಇಲ್ಲ, ಅವುಗಳ ಜಾಗದಲ್ಲಿ ಎರಡೂ ಕಡೆ ಅಂಟುವ ಟೇಪಿನ ತುಂಡುಗಳಿದ್ದವು. “ಮೆಷಿನ್ ನಮ್ಮೂರಿನದೇ ಸ್ವಾಮಿ, ಮುಖ ಮಾತ್ರ ಪರವೂರಿನದು” ಎಂದು ಅವರು ನಕ್ಕರು. ಆ ಟೇಪಿನ ಅಂಟು ಮೆಷಿನ್ನಿನೊಳಗೆ ಇಳಿದು ಚಕ್ರಗಳನ್ನು ಹಿಡಿದದ್ದೇ ವಾಚು ನಿಧಾನವಾಗಲು ಕಾರಣವಾಗಿತ್ತು.

ಇಂಥ ವಾಚುಗಳು ಇಷ್ಟೊಂದು ಹುಟ್ಟಿಕೊಳ್ಳುವುದೇಕೆ ಎಂಬುದು ಗೊತ್ತಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ. ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆಗೆ ಕೈಹಾಕಿತು. 1963ರಲ್ಲಿ ಮೊದಲ ಕಂತಿನ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಮುಂದೆ ಶ್ರೀನಗರ, ತುಮಕೂರು, ಈಗಿನ ಉತ್ತರಾಖಂಡದ ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ತಲೆಯೆತ್ತಿದವು. ಜನತಾ, ಪೈಲಟ್ ಮುಂತಾದ ಕೀಲಿ ಕೊಡುವ ಎಷ್ಟೋ ಮಾದರಿಗಳ ಒಳಗೆ ಇದ್ದದ್ದು ಸಿಟಿಜನ್ ವಿನ್ಯಾಸವನ್ನೇ ಆಧರಿಸಿದ 17 ಜ್ಯುವೆಲ್‌ಗಳ (ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಸಣ್ಣ ಕೃತಕ ಮಾಣಿಕ್ಯಗಳ), 020 ಎಂದು ಗುರುತಿಸುವ ಮೆಷಿನ್. ದಶಕಗಟ್ಟಲೆ ತಯಾರಾದ ಈ ಗಟ್ಟಿ ಮೆಷಿನ್‌ಗಳು ದೇಶದ ಮೂಲೆ ಮೂಲೆಯ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಇಂದಿಗೂ ಬಿದ್ದಿವೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟ ಹೊತ್ತಿಗೆ ಹಳೆಯ ನೆನಪಿನ ಬೆಲೆ ಏರತೊಡಗಿತ್ತು. ಮೆಷಿನ್ ಅಗ್ಗ, ನೆನಪು ದುಬಾರಿ. ನಡುವಿನ ಅಂತರವನ್ನು ಒಂದು ಹೊಸ ಡಯಲ್ ತುಂಬಿಕೊಡುತ್ತದೆ. ಆದ್ದರಿಂದ ‘ಒಳಗೆ ಅಸಲಿ ಎಚ್‌ಎಂಟಿ ಮೆಷಿನ್ ಇದೆ’ ಎಂಬ ಭರವಸೆಯಿಂದ ಏನೂ ಸಾಬೀತಾಗುವುದಿಲ್ಲ; ಅದು ನಿಜವೇ ಆಗಿದ್ದರೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹೀಗಾಗಿ ನನ್ನ ಪರೀಕ್ಷೆ ಯಾವಾಗಲೂ ಡಯಲಿನಿಂದ ಶುರುವಾಗುತ್ತದೆ, ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ಮಾರುವವರಿಂದ ನೇರವಾಗಿ ಮೇಲಿನಿಂದ, ಬಿಸಿಲಿಗೆ ಓರೆಯಾಗದ ಹಗಲು ಬೆಳಕಿನಲ್ಲಿ ತೆಗೆದ ಚಿತ್ರವನ್ನು ಕೇಳಿ, ಫೋನಿನಲ್ಲಿ ಎಷ್ಟು ಹಿಗ್ಗಿಸಬಹುದೋ ಅಷ್ಟು ಹಿಗ್ಗಿಸಿ ನೋಡಿ. ಕಾರ್ಖಾನೆಯ ಮುದ್ರಣದಲ್ಲಿ ಅಕ್ಷರಗಳ ಅಂಚು ಬ್ಲೇಡಿನಲ್ಲಿ ಕತ್ತರಿಸಿದಷ್ಟು ಚೂಪಾಗಿರುತ್ತದೆ. ಮರುಮುದ್ರಣದಲ್ಲಿ ಶಾಯಿ ತುಸು ಹರಡಿ, ‘ಎಂ’ ಅಕ್ಷರದ ಕಾಲುಗಳು ಒಂದಕ್ಕೊಂದು ಅಂಟಿದಂತೆ, ‘17 ಜ್ಯುವೆಲ್ಸ್’ ಮತ್ತು ‘ಪ್ಯಾರಾಶಾಕ್’ (ಪೆಟ್ಟು ತಾಳುವ ಏರ್ಪಾಡಿನ ಹೆಸರು) ಎಂಬ ಸಣ್ಣ ಅಕ್ಷರಗಳು ದಪ್ಪಗೆ ಊದಿದಂತೆ ಕಾಣುತ್ತವೆ. ಕೆಲವೊಮ್ಮೆ ಕಾಗುಣಿತವೇ ತಪ್ಪಿರುತ್ತದೆ. ಬಳಿಕ ಅಂಚಿನ ನಿಮಿಷದ ಗೆರೆಗಳನ್ನು ಒಂದೊಂದಾಗಿ ಗಮನಿಸಿ. 12, 3, 6, 9ರ ಗುರುತುಗಳಿಗೆ ಅವು ಸರಿಯಾಗಿ ಎದುರಾಗಿ ನಿಂತಿವೆಯೇ, ಒಂದು ಬದಿಯಲ್ಲಿ ಗೆರೆ ಪೂರ್ತಿ ಕಂಡು ಇನ್ನೊಂದು ಬದಿಯಲ್ಲಿ ಕೇಸಿನ ಅಂಚಿನಡಿ ಮುಚ್ಚಿಹೋಗಿದೆಯೇ? ಕಾರ್ಖಾನೆಯಲ್ಲಿ ಇಂಥ ತಪ್ಪಾಗುವುದು ಅಪರೂಪ, ಕೈಯಲ್ಲಿ ಬಣ್ಣ ಹೊಡೆದಾಗ ಇದು ಮಾಮೂಲು. ಮರುಮುದ್ರಣ ಮಾಡುವವರು ಡಯಲನ್ನು ಸರಿಯಾಗಿ ಕೂರಿಸಿಕೊಳ್ಳಲು ಅದರ ಅಂಚಿನಲ್ಲಿ ಅರದಿಂದ ಸಣ್ಣ ಕಚ್ಚು ಹಾಕುವುದೂ ಉಂಟು; ಮುಚ್ಚಳ ತೆಗೆದ ಚಿತ್ರದಲ್ಲಿ ಅದು ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ.

ಮುಳ್ಳುಗಳೂ ಮಾತನಾಡುತ್ತವೆ. ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳನ್ನು ಮುಟ್ಟುವಂತೆಯೂ, ಗಂಟೆಯ ಮುಳ್ಳು ಅಂಕಿಗಳ ಒಳ ಅಂಚಿನ ಹತ್ತಿರಕ್ಕೆ ಬರುವಂತೆಯೂ ಇರಬೇಕು. ನಿಮಿಷದ ಮುಳ್ಳು ಅರ್ಧ ದಾರಿಯಲ್ಲೇ ನಿಂತಿದ್ದರೆ ಅದು ಬೇರೆ ವಾಚಿನಿಂದ ಬಂದದ್ದು. ಕತ್ತಲೆಯಲ್ಲಿ ಹೊಳೆಯುವ ಲೇಪವನ್ನು ನಾವೆಲ್ಲ ‘ರೇಡಿಯಂ’ ಎಂದೇ ಕರೆಯುವುದು ವಾಡಿಕೆ. ಅದರ ಬಣ್ಣ ಡಯಲ್ ಮೇಲೆ ಕಂದಿ ಹಳದಿಯಾಗಿ, ಮುಳ್ಳಿನ ಮೇಲೆ ಮಾತ್ರ ಹಸಿರಾಗಿ ಮಿನುಗುತ್ತಿದ್ದರೆ ಎರಡರಲ್ಲಿ ಒಂದು ಹೊಸದು. ಹಳೆಯ ಸ್ವಿಸ್ ವಾಚುಗಳಲ್ಲಿ 1960ರ ದಶಕದವರೆಗೂ ನಿಜವಾದ ರೇಡಿಯಂ ಇತ್ತು, ಆಮೇಲೆ ಅದಕ್ಕಿಂತ ದುರ್ಬಲ ವಿಕಿರಣದ ಟ್ರಿಟಿಯಂ ಬಂದು 6ರ ಅಂಕಿಯ ಕೆಳಗೆ ‘ಟಿ ಸ್ವಿಸ್ ಟಿ’ ಎಂಬ ಗುರುತು ಕಾಣಿಸಿಕೊಂಡಿತು. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಹನ್ನೆರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಹೀಗಿರುವಾಗ 1970ರ ದಶಕದ ಟ್ರಿಟಿಯಂ ವಾಚು ಇಂದು ರಾತ್ರಿಯಿಡೀ ಪ್ರಖರವಾಗಿ ಹೊಳೆಯುತ್ತದೆ ಎಂದು ಯಾರಾದರೂ ಹೊಗಳಿಕೊಂಡರೆ, ಅವರು ತಮಗೆ ಅರಿವಿಲ್ಲದೆಯೇ ಲೇಪ ಹೊಸದೆಂದು ಒಪ್ಪಿಕೊಂಡಂತೆ. (ನಿಜವಾದ ರೇಡಿಯಂ ಇರುವ ವಾಚನ್ನು ಮನೆಯಲ್ಲಿ ತೆರೆದು ಕೆರೆಯುವ ಸಾಹಸ ಮಾತ್ರ ಬೇಡ, ಅದರ ಪುಡಿ ಉಸಿರಿನೊಳಗೆ ಹೋಗಬಾರದು.)

ಡಯಲ್ ಪಾಸಾದರೆ ಕೇಸಿನ ಕಡೆಗೆ ಬನ್ನಿ. ಎಚ್‌ಎಂಟಿಯ ಅಗ್ಗದ ಮಾದರಿಗಳಲ್ಲಿ ಹಲವಕ್ಕೆ ಹಿತ್ತಾಳೆಯ ಕೇಸಿಗೆ ಕ್ರೋಮ್ ಲೇಪ, ಹಿಂದೆ ಸ್ಟೀಲಿನ ಮುಚ್ಚಳ. ಬೆಲ್ಟ್ ಕೂರುವ ಕೊಂಬುಗಳ ಒಳಭಾಗದಲ್ಲಿ ಮತ್ತು ಚರ್ಮಕ್ಕೆ ತಾಗುವ ಅಂಚಿನಲ್ಲಿ ಹಳದಿ ಹಿತ್ತಾಳೆ ಇಣುಕಿದ್ದರೆ ಅದು ಬೆವರಿನ ಕೆಲಸ, ಮೋಸವಲ್ಲ. ಬೆಲೆ ಇಳಿಸಲು ಕಾರಣ ಅಷ್ಟೆ. ಸ್ಟೀಲಿನ ಕೇಸಿನಲ್ಲಿ ನೋಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಅಂಚುಗಳೆಲ್ಲ ಸಾಬೂನಿನ ಹಾಗೆ ಸವೆದು ದುಂಡಾಗಿ, ಹಿಂಬದಿಯ ಅಕ್ಷರಗಳು ಮಾಸಿ, ಉಳಿದದ್ದೆಲ್ಲ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪಾಲಿಷ್ ಚಕ್ರ ಅದರ ಮೇಲೆ ಹಲವು ಸಲ ಓಡಿದೆ ಎಂದರ್ಥ, ಸವೆದ ಲೋಹ ಮರಳಿ ಬಾರದು. ಗಾಜಿನ ಗೀರುಗಳಿಗೆ ಹೆದರಬೇಡಿ. ಈ ಕಾಲದ ಬಹುತೇಕ ವಾಚುಗಳ ಗಾಜು ವಾಸ್ತವದಲ್ಲಿ ಪ್ಲಾಸ್ಟಿಕ್. ಗೀರು ತಿಕ್ಕಿದರೆ ಹೋಗುತ್ತದೆ, ಹೋಗದಿದ್ದರೆ ಗಾಜನ್ನೇ ಬದಲಿಸುವುದೂ ದೊಡ್ಡ ಖರ್ಚಲ್ಲ.

ಮುಚ್ಚಳ ತೆಗೆದ ಚಿತ್ರ ಕೇಳಿದಾಗ ಮಾರುವವರು ಹಿಂಜರಿದರೆ ನಾನು ಅಲ್ಲಿಗೇ ಮಾತು ನಿಲ್ಲಿಸುತ್ತೇನೆ. ಚಿತ್ರ ಬಂದರೆ ಮೊದಲು ನೋಡುವುದು ಕೀಲಿಯ ಕಡ್ಡಿ ಒಳಹೋಗುವ ಜಾಗ, ಏಕೆಂದರೆ ನೀರು ಮತ್ತು ಬೆವರು ಒಳನುಗ್ಗುವುದು ಅಲ್ಲಿಂದಲೇ, ತುಕ್ಕು ಮೊದಲು ಹಿಡಿಯುವುದೂ ಅಲ್ಲಿಯೇ. ಆಮೇಲೆ ಸ್ಕ್ರೂ ತಲೆಗಳು. ಅವುಗಳ ಸೀಳು ಹರಿದು ಕೊರಕಲಾಗಿದ್ದರೆ ಅಳತೆಗೆ ಹೊಂದದ ಸ್ಕ್ರೂ ಡ್ರೈವರ್ ಹಿಡಿದ ಒರಟು ಕೈಯೊಂದು ಒಳಗೆ ಆಡಿದೆ. ಮುಚ್ಚಳದ ಒಳಮೈಯನ್ನು ಮರೆಯಬೇಡಿ. ಹಿಂದಿನ ರಿಪೇರಿಯವರು ಸರ್ವಿಸ್ ಮಾಡಿದ ದಿನಾಂಕವನ್ನೋ ತಮ್ಮದೇ ಗುರುತನ್ನೋ ಅಲ್ಲಿ ಸೂಜಿಯಿಂದ ಗೀಚಿಡುತ್ತಿದ್ದರು. ನನ್ನ ಬಳಿಯಿರುವ ಕಪ್ಪು ಪೈಲಟ್‌ನೊಳಗೆ ಅಂಥ ನಾಲ್ಕು ಗೀಚುಗಳಿವೆ, ನಾಲ್ಕೂ ಬೇರೆ ಬೇರೆ ಕೈಬರಹ, ಕೊನೆಯದರಲ್ಲಿ ‘8/94’ ಎಂದಿದೆ. ಯಾರೋ ಒಬ್ಬರು ಅದನ್ನು ವರ್ಷಗಟ್ಟಲೆ ಕಟ್ಟಿಕೊಂಡು, ಆಗಾಗ ಎಣ್ಣೆ ಹಾಕಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆಯನ್ನು ಯಾವ ಅಂಗಡಿಯೂ ಕೊಡಲಾರದು. ಹಾಗೆಯೇ ‘ಬಳಸದ ಹಳೆಯ ಸ್ಟಾಕ್’ ಎಂದು ಮಾರುವ ವಾಚಿನ ಮುಚ್ಚಳದೊಳಗೆ ಇಂಥ ಗೀಚು ಕಂಡರೆ ಆ ಮಾತು ಸುಳ್ಳೆಂದು ಅಲ್ಲಿಗೇ ಇತ್ಯರ್ಥವಾಗುತ್ತದೆ. ಹೊಸ ಬೆಲ್ಟ್, ಪ್ಲಾಸ್ಟಿಕ್ ಹಾಳೆ, ಬೆಲೆಯ ಚೀಟಿ ಇವನ್ನೆಲ್ಲ ಯಾರು ಬೇಕಾದರೂ ಅಂಟಿಸಬಹುದು.

‘ರನ್ನಿಂಗ್ ಕಂಡೀಷನ್’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಎಣ್ಣೆ ಒಣಗಿ ಗಟ್ಟಿಯಾದ ವಾಚು ಕೂಡ ಕೀಲಿ ಕೊಟ್ಟು ಅಲುಗಾಡಿಸಿದರೆ ನಾಲ್ಕಾರು ಗಂಟೆ ಓಡುತ್ತದೆ, ಆದರೆ ಒಣ ಚಕ್ರಗಳು ಓಡಿದಷ್ಟೂ ಸವೆಯುತ್ತವೆ. ನಾನು ಕೇಳುವುದು ಒಂದು ನಿಮಿಷದ ವಿಡಿಯೋ: ಪಕ್ಕದಲ್ಲಿ ಅಂದಿನ ದಿನಾಂಕ ಬರೆದ ಚೀಟಿ ಇರಬೇಕು, ವಾಚಿಗೆ ಕೀಲಿ ಕೊಡುವುದು, ಕೀಲಿಯನ್ನು ಹೊರಗೆಳೆದು ಮುಳ್ಳು ತಿರುಗಿಸುವುದು, ಮತ್ತೆ ಒತ್ತಿದ ಮೇಲೆ ಸೆಕೆಂಡ್ ಮುಳ್ಳು ಓಡುವುದು ಎಲ್ಲವೂ ಒಂದೇ ಓಟದಲ್ಲಿ ಕಾಣಬೇಕು. ವಾಚು ಕೈಸೇರಿದ ಮೇಲೆ ಪೂರ್ತಿ ಕೀಲಿ ಕೊಟ್ಟು, ಟಿಕ್ ಟಿಕ್ ಶಬ್ದವನ್ನು ಮೈಕಿನಲ್ಲಿ ಆಲಿಸಿ ವೇಗ ಅಳೆಯುವ ಆ್ಯಪ್ ಒಂದರ ಮುಂದೆ ಇಡಿ. 020 ಮೆಷಿನ್ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು ಬಡಿತದ್ದು. ಈ ವಯಸ್ಸಿನ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಇದ್ದಕ್ಕಿದ್ದಂತೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಬಹುಶಃ ಒಳಗಿನ ಭಾಗಗಳಿಗೆ ಅಯಸ್ಕಾಂತದ ಗುಣ ತಗುಲಿರುತ್ತದೆ, ರಿಪೇರಿಯವರು ಕ್ಷಣದಲ್ಲಿ ಸರಿಪಡಿಸುತ್ತಾರೆ. ಮಲಗಿಸಿದಾಗ ಸರಿಯಿದ್ದು, ಕೀಲಿ ಕೆಳಗಾಗಿ ನಿಲ್ಲಿಸಿದಾಗ ನಿಂತೇ ಹೋಗುವ ವಾಚು ಮಾತ್ರ ಖರ್ಚಿನ ಬಾಬ್ತು.

ನೀವು ಮುಂದೆ ಜಪಾನಿನ ಸೀಕೊ 5 ವಾಚುಗಳ ಕಡೆ ಹೊರಳಿದರೆ ಅಲ್ಲಿ ಇನ್ನೊಂದು ಅನುಕೂಲವಿದೆ. ಮುಚ್ಚಳದ ಮೇಲೆ 7009ರಂಥ ಮೆಷಿನ್ ಸಂಖ್ಯೆ ಕೊರೆದಿರುತ್ತದೆ, ಡಯಲಿನ ಕೆಳತುದಿಯಲ್ಲೂ ಅದೇ ಸಂಖ್ಯೆಯಿಂದ ಶುರುವಾಗುವ ಸಣ್ಣ ಬರಹವಿರುತ್ತದೆ, ಎರಡೂ ತಾಳೆಯಾಗಬೇಕು. ಅದರ ಸರಣಿ ಸಂಖ್ಯೆಯ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಫಾವ್ರ್ ಲೂಬಾ, ವೆಸ್ಟ್ ಎಂಡ್ ಎಂಬ ಸ್ವಿಸ್ ಕಂಪನಿಗಳ ಹಳೆಯ ವಾಚುಗಳಿಗೆ ಬಣ್ಣ ಬಳಿಯುವ ಉತ್ಸಾಹ ಎಚ್‌ಎಂಟಿಗಿಂತ ಕಡಿಮೆಯೇನಿಲ್ಲ, ಆದ್ದರಿಂದ ಡಯಲ್ ಪರೀಕ್ಷೆ ಅಲ್ಲಿಯೂ ಇದೇ.

ಮೂಲ ಡಯಲ್ ಅಲ್ಲದ ವಾಚನ್ನು ಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. ಕಿತ್ತಳೆ ಬಣ್ಣ ಇಷ್ಟವಾಗಿ, ಕೈಗೆ ಕಟ್ಟಿಕೊಳ್ಳಲಿಕ್ಕಷ್ಟೇ ಬೇಕೆಂದಿದ್ದರೆ, ಮರುಮುದ್ರಣವೆಂದು ತಿಳಿದೇ ಅದಕ್ಕೆ ತಕ್ಕ ಬೆಲೆ ಕೊಟ್ಟು ತೆಗೆದುಕೊಳ್ಳಿ. ಆದರೆ ನಿಮಗೆ ಬೇಕಿರುವುದು ತಾತನವರ ಕೈಯಲ್ಲಿ ಕಂಡ ವಾಚು. ಅದಕ್ಕೆ ಕಪ್ಪು ಡಯಲ್ ಅಲ್ಲಲ್ಲಿ ಮಾಸಿ, ಲೇಪ ಕಂದಿ, ಗಾಜು ಗೀರಿರುವ ಪೈಲಟನ್ನೇ ಹುಡುಕಿ, ಸರ್ವಿಸಿನ ಖರ್ಚನ್ನು ಬೆಲೆಯಿಂದ ಕಳೆದು ಚೌಕಾಸಿ ಮಾಡಿ. ಹಣವನ್ನು ವಾಪಸಾತಿಯ ನಿಯಮವಿರುವ ತಾಣದ ಮೂಲಕವೇ ಕೊಡಿ, ಪಾರ್ಸೆಲ್ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಅಂಥದ್ದೊಂದು ಕಣ್ಣಿಗೆ ಬಿದ್ದಾಗ ಡಯಲ್, ಮೆಷಿನ್, ಮುಚ್ಚಳದ ಒಳಮೈ ಈ ಮೂರರ ಚಿತ್ರಗಳನ್ನು ಇದೇ ಪ್ರಶ್ನೆಗೆ ಸೇರಿಸಿದರೆ ನಾನೂ ನೋಡಿ ಹೇಳಬಲ್ಲೆ. ಡಯಲಿನ ಅಂಚು ಪೂರ್ತಿ ಕಾಣುವಂತೆ ತೆಗೆಸಿ.