ಸಾರು ಯಾವುದು ಅಂತ ಕೇಳಿ

ಅಕ್ಕಾ, ಮಗಳು ಇಟಲಿಯ ಮಿಲಾನಿನಲ್ಲಿ ಕೆಲಸದಲ್ಲಿದ್ದಾಳೆ. ಮುಂದಿನ ತಿಂಗಳು ನಾನು, ನಮ್ಮ ಯಜಮಾನರು ಹೋಗುತ್ತಿದ್ದೇವೆ. ನಮ್ಮ ಮದುವೆಯಾಗಿ 30 ವರ್ಷ ಆಯಿತು ಅಂತ ಅಲ್ಲಿನ ಹಳೇ ಕಾಲದ ದೊಡ್ಡ ರೆಸ್ಟೋರೆಂಟ್ ಒಂದರಲ್ಲಿ ಟೇಬಲ್ ಬುಕ್ ಮಾಡಿದ್ದಾಳೆ. ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಫೋರ್ಕು ಹಿಡಿದು ರೂಢಿಯಿಲ್ಲ. ಸೀರೆ ಉಟ್ಟು ಹೋದರೆ ಮಗಳಿಗೆ ಮುಜುಗರ ಆಗುತ್ತದಾ?
— ಓದುಗರೊಬ್ಬರು, ಮೂಡಿಗೆರೆ

ಸೀರೆ ಉಟ್ಟುಕೊಂಡೇ ಹೋಗಿ ತಂಗೀ. ಅಂಥ ಜಾಗಕ್ಕೆ ಜನ ಚೆನ್ನಾಗಿ ಉಟ್ಟು ತೊಟ್ಟೇ ಬರುತ್ತಾರೆ. ನಿಮ್ಮ ಒಳ್ಳೆಯ ರೇಷ್ಮೆ ಸೀರೆಗಿಂತ ಬೇಕಾ? ಮೇಲೊಂದು ಶಾಲು ಇರಲಿ, ಅಷ್ಟೇ.

ಊಟದ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ನನಗೇ ಒಮ್ಮೆ ಪೆಟ್ಟು ಬಿದ್ದಿದೆ. ಕೆಲವು ವರ್ಷಗಳ ಹಿಂದೆ ಚಿಕ್ಕಮಗಳೂರಿನಿಂದ ತಮ್ಮನನ್ನು ನೋಡಲು ಮಿಲಾನಿಗೆ ಹೋಗಿದ್ದೆ. ಅವನು ಪ್ರೀತಿಯಿಂದ ಒಂದು ದುಬಾರಿ ಹೋಟೆಲಿಗೆ ಕರೆದುಕೊಂಡು ಹೋದ. ಮೆನುವಿನಲ್ಲಿ ರಿಸೊತ್ತೊ ಇತ್ತು. ಅಕ್ಕಿ, ಬೆಣ್ಣೆ, ಕೇಸರಿ ಅಂದ. ತಟ್ಟೆ ಬಂದಾಗ ಬಣ್ಣ ನಮ್ಮ ಕೇಸರಿಬಾತಿನ ಹಾಗೇ ಇತ್ತು. ಅರ್ಧ ಊಟ ಆದ ಮೇಲೆ ಬಡಿಸುವವರ ಹತ್ತಿರ ಇದನ್ನು ಹೇಗೆ ಮಾಡುತ್ತೀರಿ ಅಂತ ಕೇಳಿಸಿದೆ. ಹಳೇ ಪದ್ಧತಿಯ ಮಿಲಾನ್ ರಿಸೊತ್ತೊಗೆ ದನದ ಮೂಳೆಯ ಮಜ್ಜೆ ಹಾಕುತ್ತಾರೆ. ಅಕ್ಕಿಯನ್ನು ಬೇಯಿಸುವುದೂ ಮಾಂಸದ ಸಾರಿನಲ್ಲಿ. ಅವರು ಮೋಸ ಮಾಡಿರಲಿಲ್ಲ. ನಾವು ಮೊದಲೇ ಕೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ತಮ್ಮನ ಮುಖವನ್ನಂತೂ ನೋಡಲಾಗುತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ತಟ್ಟೆಯಲ್ಲಿ ಮಾಂಸದ ತುಂಡು ಕಾಣಲಿಲ್ಲ ಅಂದರೆ ಸಾಲದು. ಸಾರು ಯಾವುದು ಅಂತ ಕೇಳಬೇಕು. ಸಾರಿಗೆ ಅಲ್ಲಿ 'ಬ್ರೋದೊ' ಅನ್ನುತ್ತಾರೆ. 'ಬ್ರೋದೊ ವೆಜೆತಾಲೆ' ಅಂದರೆ ತರಕಾರಿಯದ್ದು.

ಚೀಸ್ ವಿಷಯ ನಮ್ಮವರಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ. ಪಾರ್ಮಿಜಾನೊ ರೆಜ್ಜಾನೊಗೆ ಹಾಕುವುದು ಮೂರೇ ಮೂರು: ಹಾಲು, ಉಪ್ಪು, ಮತ್ತೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಅದು ನಿಯಮವೇ. ಕನಿಷ್ಠ 12 ತಿಂಗಳು ಮಾಗಿಸಿದ ಮೇಲಷ್ಟೇ ಆ ಹೆಸರು. ಕುರಿ ಹಾಲಿನ ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ರೋಮಿನ 'ಕಾಚೊ ಎ ಪೆಪೆ' ಅಂದರೆ ಬರೀ ಚೀಸ್ ಮತ್ತು ಕಾಳುಮೆಣಸಿನ ಪಾಸ್ತಾ. ಮೆಣಸು ಬೆಳೆಯುವ ನಮಗೆ ಹೆಸರು ಕೇಳಿದರೇ ಆಸೆಯಾಗುತ್ತದೆ. ಆದರೆ ಅದರ ಜೀವವೇ ಈ ಪೆಕೊರಿನೊ. ತಿನ್ನುವುದೋ ಬಿಡುವುದೋ ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ನಾನಂತೂ ಬಿಟ್ಟೆ. ಪಾಸ್ತಾ ಮೇಲೆ ಚೀಸ್ ತುರಿಯಲು ಬಂದಾಗ 'ನೋ, ಗ್ರಾತ್ಸಿಯೆ' ಅಂದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

ಮೊಟ್ಟೆ ಬೇಡ ಅಂದಿರಲ್ಲ, ಹಾಗಾದರೆ ಒಣ ಪಾಸ್ತಾ ಕೇಳಿ. ಸ್ಪಗೆಟ್ಟಿ, ಪೆನ್ನೆ ಇವೆಲ್ಲ ಸಾಮಾನ್ಯವಾಗಿ ಗಟ್ಟಿ ಗೋಧಿಯ ರವೆ ಮತ್ತು ನೀರಿನಲ್ಲಿ ಆಗುತ್ತವೆ. ಅಲ್ಲೇ ಲಟ್ಟಿಸಿ ಮಾಡುವ ತಾಲ್ಯತೆಲ್ಲೆ, ರವಿಯೋಲಿಗೆ ಮೊಟ್ಟೆ ಬೀಳುತ್ತದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಆಲಿವ್ ಎಣ್ಣೆಯ 'ಆಲ್ಯೊ ಎ ಓಲ್ಯೊ' ತಗೊಳ್ಳಿ. ಯಜಮಾನರಿಗೆ ಖಾರದ ಟೊಮೆಟೊ ಗೊಜ್ಜಿನ 'ಅರಾಬ್ಯಾತಾ' ಹಿಡಿಸಬಹುದು. ಸಿಹಿಗೆ ತಿರಾಮಿಸು ಬೇಡ, ಮೊಟ್ಟೆ ಇದೆ. ಪನ್ನಾ ಕೊತ್ತಾ ನೋಡಲು ಬರೀ ಕೆನೆ, ಆದರೆ ಗಟ್ಟಿಯಾಗುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಟಿನ್‌ನಿಂದ. ಹಣ್ಣು ಕೇಳಿ.

ನಮ್ಮ ಎಲೆ ಊಟದ ಹಾಗೆ ಎಲ್ಲ ಒಟ್ಟಿಗೆ ಬರುವುದಿಲ್ಲ. ಮೊದಲು ಆಂತಿಪಾಸ್ತೊ ಅಂತ ಸಣ್ಣ ತಿನಿಸು. ಆಮೇಲೆ 'ಪ್ರೀಮೊ', ಅಂದರೆ ಪಾಸ್ತಾ ಅಥವಾ ಅನ್ನ. ನಂತರದ 'ಸೆಕೊಂದೊ' ಹೆಚ್ಚಾಗಿ ಮಾಂಸ, ಮೀನು. ಪಲ್ಯದಂಥದ್ದಕ್ಕೆ 'ಕೊಂತೋರ್ನೊ' ಅನ್ನುತ್ತಾರೆ, ಅದನ್ನು ಬೇರೆಯಾಗಿ ಕೇಳಬೇಕು. ಎಲ್ಲವನ್ನೂ ತಗೊಳ್ಳಲೇಬೇಕು ಅಂತೇನಿಲ್ಲ. ಒಂದು ಪ್ರೀಮೊ, ಎರಡು ಕೊಂತೋರ್ನೊ ಆದರೆ ಹೊಟ್ಟೆ ತುಂಬುತ್ತದೆ.

ಫೋರ್ಕಿಗೆ ಹೆದರಬೇಡಿ. ಸ್ಪಗೆಟ್ಟಿಯ ಮೂರು ನಾಲ್ಕು ಎಳೆ ಮಾತ್ರ ಹಿಡಿದು ತಟ್ಟೆಯ ಅಂಚಿಗೆ ಆನಿಸಿ ಸುತ್ತಿ. ಚಾಕುವಿನಲ್ಲಿ ಕತ್ತರಿಸುವುದು ಅವರಿಗೆ ಇಷ್ಟವಾಗುವುದಿಲ್ಲ. ಕಷ್ಟ ಅನ್ನಿಸಿದರೆ ಪೆನ್ನೆ ಕೇಳಿ, ಸುಲಭ. ಮನೆಯಲ್ಲಿ ನಾಲ್ಕು ದಿನ ಶಾವಿಗೆಯಲ್ಲಿ ಅಭ್ಯಾಸ ಮಾಡಿದರೂ ಆಯಿತು.

ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಇಷ್ಟು ಯೂರೋ ಸೇರಿರುತ್ತದೆ. ಮೇಜು, ಬ್ರೆಡ್ಡಿನ ಲೆಕ್ಕ ಅದು, ಗಾಬರಿ ಬೇಡ. ನೀರಿಗೂ ದುಡ್ಡು. ನೀವು ಕೇಳುವ ತನಕ ಬಿಲ್ ತರುವುದಿಲ್ಲ, ಎಬ್ಬಿಸಿ ಕಳಿಸಿದ ಹಾಗೆ ಆಗುತ್ತದೆ ಅಂತ.

ಎಲ್ಲಕ್ಕಿಂತ ಮುಖ್ಯ, ಇವತ್ತೇ ಮಗಳ ಕೈಲಿ ಅಲ್ಲಿಗೆ ಫೋನ್ ಮಾಡಿಸಿ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ರೆನೆಟ್ ಹಾಕಿದ ಚೀಸ್, ಒಂದೊಂದನ್ನೂ ಹೆಸರು ಹಿಡಿದು ಹೇಳಲಿ. ಸುಮ್ನೆ ಸಸ್ಯಾಹಾರಿ ಅಂದರೆ ಚೀಸ್ ಬಂದೇ ಬರುತ್ತದೆ. ಮುಂಚೆ ಗೊತ್ತಿದ್ದರೆ ಒಳ್ಳೆಯ ಅಡುಗೆಯವರು ಖುಷಿಯಿಂದಲೇ ಮಾಡಿಕೊಡುತ್ತಾರೆ.

ಇಟಲಿಯಲ್ಲಿ ಊಟ ಆದ ಮೇಲೆ ಹಾಲಿನ ಕಾಫಿ ಕೇಳಬಾರದಂತೆ, ಹೌದಾ? ನಮ್ಮ ರೋಬಸ್ಟಾ ಅಲ್ಲಿಗೆ ಹೋಗುವುದು ನಿಜವಾ?
— ಕಾಫಿ ಬೆಳೆಗಾರರು, ಕಳಸ

ಎರಡೂ ನಿಜ. ನಮ್ಮ ದೇಶದ ಕಾಫಿಗೆ ದೊಡ್ಡ ಗಿರಾಕಿ ಇಟಲಿಯೇ. ಎಸ್ಪ್ರೆಸೊ ಮೇಲೆ ನಿಲ್ಲುವ ದಪ್ಪ ನೊರೆಗೆ ಒಳ್ಳೆಯ ರೋಬಸ್ಟಾ ಬೇಕು, ಬೆಳೆದ ನಿಮಗೆ ನಾನು ಹೇಳಬೇಕಾ! ಹಾಲು ಊಟದ ಮೇಲೆ ಜೀರ್ಣ ಆಗುವುದಿಲ್ಲ ಅನ್ನುವುದು ಅವರ ನಂಬಿಕೆ. ಅದಕ್ಕೇ ಕಪುಚಿನೊ ಏನಿದ್ದರೂ ಬೆಳಿಗ್ಗೆಗೆ. ಊಟ ಆದ ಮೇಲೆ 'ಕಾಫೆ' ಅಂದರೆ ನಾಲ್ಕು ಗುಟುಕು ಎಸ್ಪ್ರೆಸೊ ಬರುತ್ತದೆ. ಒಂದು ಚೂರು ಹಾಲು ಬೇಕೇ ಬೇಕು ಅಂದರೆ 'ಕಾಫೆ ಮಕ್ಯಾತೊ' ಅನ್ನಿ. ಇಲ್ಲಿನ ಅಭ್ಯಾಸದಲ್ಲಿ ಬರೀ 'ಲಾತ್ತೆ' ಅಂದುಬಿಟ್ಟೀರಿ, ಒಂದು ಲೋಟ ಹಾಲು ತಂದಿಡುತ್ತಾರೆ.